ಕೆಮ್ಮುವ ಟೈರು

ಮೇಜಿನ ಮೇಲೆ ಎರಡು ಜೊತೆ ಇಟ್ಟಿದ್ದೇನೆ.
ಒಂದಕ್ಕೆ ನೂರಿಪ್ಪತ್ತು ಯೂರೋ, ಇನ್ನೊಂದಕ್ಕೆ ಮುನ್ನೂರೈವತ್ತು.
ಎರಡೂ ಕಪ್ಪು, ಎರಡೂ ದುಂಡು.
ಬ್ರೀನಾ ಒಂದನ್ನು ಮೂಸುತ್ತಾಳೆ,
ಇನ್ನೊಂದಕ್ಕೆ ಉಗುರು ಒತ್ತುತ್ತಾಳೆ,
ಹಣ್ಣಿನಂಗಡಿಯ ಮುಂದೆ ನಿಂತವಳ ಹಾಗೆ.
ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದಿದ್ದಾಳೆ,
ಹುಬ್ಬಿನಲ್ಲಿ ಇನ್ನೂ ಹಿಟ್ಟು.
ಹೊರಗೆ ಅವಳ ಆರುನೂರು ಸಿಸಿ,
ಮೂರು ಕೈ ದಾಟಿ ಬಂದದ್ದು, ಟಿಕ್ ಟಿಕ್ ಎಂದು ತಣಿಯುತ್ತಿದೆ.
"ಏನು ವ್ಯತ್ಯಾಸ, ಜ್ವೋಂಕಾ?"

ಯೆಸೆನಿಸೆಯ ಈ ಶೆಡ್ಡಿನಲ್ಲಿ ನನಗೆ ಮೂವತ್ತು ವರ್ಷ.
ಸಿಲಿಕಾ, ನೂಲು, ಉಕ್ಕಿನ ಪಟ್ಟಿ ಎಂದು
ಕಂಪನಿಯ ಹುಡುಗ ಕಲಿಸಿದ ಮಂತ್ರ ಹೇಳಬಹುದಿತ್ತು.
ಆದರೆ ಅಗ್ಗದ್ದು ಮಾರಿದರೆ ನನಗೆ ಉಳಿಯುವುದು ಎಂಟು ಯೂರೋ,
ದುಬಾರಿಯದು ಮಾರಿದರೆ ಅರವತ್ತು.
ನನ್ನ ಬಾಯಿಂದ ಬಂದ ಸತ್ಯಕ್ಕೂ
ಬೆಲೆಯ ಚೀಟಿ ಅಂಟಿರುತ್ತದೆ.
ಅದಕ್ಕೇ ಹಿಂದಿನ ಗೋಡೆಗೆ ಕರೆದೊಯ್ದೆ,
ಬಿಚ್ಚಿದ ಟೈರುಗಳ ಹತ್ತಿರ.

ನೋಡು, ಇದು ದಂತವೈದ್ಯ ಪೆರ್ನುಶ್‌ನದು.
ಪ್ರತಿ ಏಪ್ರಿಲ್‌ಗೆ ಹೊಸದು, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನದು.
ಅಂಚಿನ ಎರಡು ಬೆರಳಗಲ ನೆಲವನ್ನೇ ಕಂಡಿಲ್ಲ,
ಹುಟ್ಟುಗೂದಲು ಕೂಡ ಉದುರಿಲ್ಲ.

ಇದು ಗೊರಾಜ್ದ್‌ನದು. ಅಗ್ಗದಲ್ಲಿ ಅಗ್ಗ.
ಅಂಚಿನ ತುದಿಯವರೆಗೂ ಸವೆದು
ರಬ್ಬರು ಸಣ್ಣ ಸಣ್ಣ ಉಂಡೆಯಾಗಿ ಎದ್ದಿದೆ.
ವ್ರ್ಷಿಚ್ ಘಾಟಿಯ ಐವತ್ತು ತಿರುವುಗಳನ್ನೂ
ಮೂರು ಬೇಸಿಗೆ, ಮೊಣಕಾಲು ಕೆರೆಯುವಷ್ಟು ಬಾಗಿ
ಇದರ ಮೇಲೇ ಹತ್ತಿಳಿದ.

"ಹಾಗಾದರೆ ಅಗ್ಗದ್ದೇ ಸಾಕು!"

ತಡಿ ಮಾರಾಯ್ತಿ.
ಸೆಪ್ಟೆಂಬರಿನ ಒಂದು ಬೆಳಗ್ಗೆ,
ಹನ್ನೊಂದನೇ ತಿರುವು, ಕಲ್ಲು ಹಾಸಿದ್ದು,
ಕಲ್ಲಿನ ಮೇಲೆ ಇಬ್ಬನಿ, ಬಿಸಿಲು ಇನ್ನೂ ಆಚೆಯ ಗುಡ್ಡದಲ್ಲಿ.
ಕೊರಳೆಲುಬು ಮುರಿದು, ಕೈ ಜೋಳಿಗೆಯಲ್ಲಿ ಕಟ್ಟಿಕೊಂಡು
ಇದೇ ಸ್ಟೂಲಿನ ಮೇಲೆ ಕೂತು ಹೇಳಿದ:
"ಜಾರಿದ್ದಕ್ಕೆ ಬೇಜಾರಿಲ್ಲ, ಜ್ವೋಂಕಾ.
ಹೇಳದೆ ಹೋಯಿತು."

ಅಷ್ಟೇ ವ್ಯತ್ಯಾಸ, ನನಗೆ ತಿಳಿದಷ್ಟು.
ಹಿಡಿತ ಎರಡಕ್ಕೂ ಇದೆ, ಬಿಡುವುದು ಎರಡೂ ಬಿಡುತ್ತವೆ.
ಒಳ್ಳೆಯದು ಬಿಡುವ ಮುನ್ನ ಒಮ್ಮೆ ಕೆಮ್ಮುತ್ತದೆ,
ಬಾಗಿಲಲ್ಲಿ ನಿಂತ ಹಿರಿಯರ ಹಾಗೆ.
ಇನ್ನೂರ ಮೂವತ್ತು ಯೂರೋ ಆ ಕೆಮ್ಮಿಗೆ.

ಆದರೆ ಇದನ್ನೂ ಹೇಳಬೇಕು:
ಅದೇ ವಾರ, ಅದೇ ಕಲ್ಲಿನ ಮೇಲೆ
ದಂತವೈದ್ಯನೂ ಬಿದ್ದ, ನಡೆಯುವವರ ವೇಗದಲ್ಲಿ.
ಅವನ ಟೈರು ಕೆಮ್ಮಿರಲೇಬೇಕು.
ಕೇಳುವ ಕಿವಿಯನ್ನು ನಾನು ಮಾರುವುದಿಲ್ಲ.

ಬ್ರೀನಾ ಬೆರಳು ಮಡಚಿ ಎಣಿಸಿದಳು:
ನಾಲ್ಕು ರಾತ್ರಿ ನಾದಿದ ಹಿಟ್ಟು.
ಆಮೇಲೆ ಅಗ್ಗದ ಟೈರಿನ ನೆತ್ತಿಗೆ ಅಂಗೈ ಇಟ್ಟಳು,
"ನೆಲಕ್ಕೆ ತಾಗುವುದು ಎಷ್ಟು?"
ಅಷ್ಟೇ, ನಿನ್ನ ಅಂಗೈಯಷ್ಟು.
ಉಳಿದದ್ದೆಲ್ಲ ಗಾಳಿ, ದುಡ್ಡು, ಮತ್ತು ನೀನು.

ಕೈ ತೆಗೆಯಲಿಲ್ಲ. "ಇದೇ ಹಾಕು."

ಅಗ್ಗಕ್ಕೆ ಆಸೆಪಟ್ಟು ಮುಗ್ಗಿದ ಜೋಳ ತಂದ ಕತೆ
ನಾಲಿಗೆಯ ತುದಿಗೆ ಬಂತು, ನುಂಗಿದೆ.
ಹಸಿದವರು ಜೋಳವನ್ನೇ ತರುತ್ತಾರೆ.
ಉಗ್ರಾಣಕ್ಕೆ ಹೋಗಿ, ಪಕ್ಕದ ನಾಲ್ಕು ಅಂಕಿ ಓದಿ,
ಇಡೀ ರಾಶಿಯಲ್ಲಿ ಎಳೆಯ ವಾರದ ಜೊತೆ ಹುಡುಕಿ ತಂದೆ.
ತೂಕ ಸರಿದೂಗಿಸಿದೆ, ಗಾಳಿ ಎರಡು ಸಲ ಅಳೆದೆ.
ಮೊದಲ ನೂರು ಕಿಲೋಮೀಟರ್ ಮೊಟ್ಟೆಯ ಬುಟ್ಟಿ ಹೊತ್ತವಳಂತೆ ಹೋಗು,
ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸು, ಬಾಗಬೇಡ,
ಗೊರಾಜ್ದ್ ಕರೆದರೆ ಮುಂದೆ ಕಳಿಸು, ಹಿಂದೆ ಬೀಳಬೇಡ.
ಹ್ಞೂ ಹ್ಞೂ ಅಂದಳು, ಹೆಲ್ಮೆಟ್ಟಿನೊಳಗಿಂದ.

ಉಕ್ಕಿನ ಕಾರ್ಖಾನೆಯ ಸದ್ದಿನ ಅಡಿಯಲ್ಲಿ
ಅವಳ ಇಂಜಿನ್ನು ಕ್ರಾನ್ಸ್ಕಾ ಗೋರಾದ ದಾರಿ ಹಿಡಿಯಿತು,
ಒಂದು ಗೇರು ಇಳಿಯಿತು, ಏರಿತು.
ರಸೀದಿಯಲ್ಲಿ ನೂರಿಪ್ಪತ್ತು ಬರೆದು
ಪೆನ್ನು ಎತ್ತಿ ಹಿಡಿದುಕೊಂಡೇ ಕೂತಿದ್ದೇನೆ.
ಇಲ್ಲಿಂದ ಹನ್ನೊಂದನೇ ತಿರುವು ಕೇಳಿಸುವುದಿಲ್ಲ,
ಗೊತ್ತು.